ಬಾಡಿಗೆ ಗೋಡೆಗೆ ಮೊಳೆ ಹೊಡೆಯದ ಮಾಸ್ಟರು

ನಮ್ಮ ಮಾಸ್ಟರು ಕತ್ತರಿ ಕೆಳಗಿಟ್ಟ ದಿನ ಯಾರೂ ಅಳಲಿಲ್ಲ. ಅಳಲೇಬೇಕಾಗುತ್ತದೆಂದು ಸೆರಗಿನ ತುದಿ ಸಿದ್ಧವಾಗಿಟ್ಟುಕೊಂಡು ಹೋದವರಲ್ಲಿ ನಾನೂ ಒಬ್ಬಳು. ರೊಳ್ಳದ ಹತ್ತಿರದ ನಮ್ಮ ಹಳ್ಳಿಯಿಂದ ಮಡಕಶಿರಾಕ್ಕೆ ಆಟೋ, ಅಲ್ಲಿಂದ ಬಸ್ಸು ಬದಲಾಯಿಸುತ್ತಾ ರಾಯದುರ್ಗ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಜೀನ್ಸ್ ಹೊಲಿಯುವ ಆ ಯೂನಿಟ್ಟಿನಲ್ಲಿ ಮಿಷನ್ನುಗಳನ್ನು ಬದಿಗೆ ಸರಿಸಿ, ಕಟಿಂಗ್ ಟೇಬಲ್ಲಿನ ಮೇಲೆ ಮಂಡಕ್ಕಿಯ ಉಗ್ಗಾಣಿ, ಬಜ್ಜಿ ಹರಡಿದ್ದರು. ಬಟ್ಟೆಯೊಂದನ್ನು ಬಿಟ್ಟು ಒಂದು ಲೋಟ ನೀರನ್ನೂ ಇಡಲು ಮಾಸ್ಟರು ಬಿಡದಿದ್ದ ಟೇಬಲ್ಲು ಅದು. ಬಜ್ಜಿಯ ಎಣ್ಣೆ ಹಲಗೆಗೆ ಇಳಿಯುವುದನ್ನು ಅವರು ನೋಡಿದರು, ತಾವೂ ಒಂದು ಬಜ್ಜಿ ತೆಗೆದುಕೊಂಡರು.

"ಎರಡು ಮಾತು ಆಡ್ರಿ ಮಾಸ್ಟ್ರ" ಎಂದು ಎಲ್ಲರೂ ಒತ್ತಾಯ ಮಾಡಿದರು.

"ಏನ್ ಮಾತಾಡೂದು? ಇಷ್ಟು ವರ್ಷ ನಿಂತೀನಿ, ಇನ್ನ ಕುಂದರ್ತೀನಿ" ಎಂದವರೇ ಕುರ್ಚಿ ಎಳೆದುಕೊಂಡು ಕೂತರು. ಅಷ್ಟೇ ಭಾಷಣ. ಕಟಿಂಗ್ ಮಾಸ್ಟರ್ ಆದವನು ದಿನವಿಡೀ ಟೇಬಲ್ಲಿನ ಮುಂದೆ ನಿಂತೇ ಇರಬೇಕು. ಅವರು ಕೂತದ್ದನ್ನು ಎಷ್ಟೋ ಜನ ನೋಡಿದ್ದು ಅವತ್ತೇ ಮೊದಲು. ಚಪ್ಪಾಳೆ ಬಿತ್ತು. ಯಾರೋ ಒಬ್ಬರು, ಕುತ್ತಿಗೆಯ ಟೇಪನ್ನಾದರೂ ಯೂನಿಟ್ಟಿಗೆ ನೆನಪಿಗೆ ಬಿಟ್ಟುಹೋಗಿ ಎಂದರು. ಮಾಸ್ಟರು ಅದನ್ನು ಅಂಗೈಯಿಂದ ಮುಚ್ಚಿಕೊಂಡು, "ಇಲ್ಲಪ, ಇದಕ್ಕೊಂದು ಜಾಗ ನೋಡಿಟ್ಟೀನಿ" ಎಂದರು. ಯಾವ ಜಾಗ ಎಂದು ನಾನು ಕೇಳಲಿಲ್ಲ. ಎರಡನೇ ಬಜ್ಜಿಯಲ್ಲಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಯೂನಿಟ್ಟಿನ ಅರ್ಧ ಜನಕ್ಕೆ ಅದು ಯಾರೆಂದು ಗೊತ್ತಾಗುವುದಿಲ್ಲ. ಎಲ್ಲರಿಗೂ ಅವರು ಮಾಸ್ಟರು, ಅವರ ಹೆಂಡತಿಗೂ ಮಾಸ್ಟರು. ತೆಳ್ಳಗಿನ ಆಳು, ಎಡ ಜೇಬಿನಲ್ಲಿ ಗುರುತು ಹಾಕುವ ಸೀಮೆಸುಣ್ಣ, ಅದರ ಪುಡಿಯಿಂದ ಯಾವ ಅಂಗಿ ಹಾಕಿದರೂ ಎದೆಯ ಮೇಲೊಂದು ಬಿಳಿ ಮಚ್ಚೆ. ಬೆರಳ ತುದಿಗಳು ಜೀನ್ಸಿನ ಬಣ್ಣ ಹತ್ತಿ ಸದಾ ನೀಲಿ. ಟೇಪು ಮಾತ್ರ ಕುತ್ತಿಗೆಯಿಂದ ಇಳಿದದ್ದೇ ಇಲ್ಲ. ಮದುವೆ ಮನೆಗೂ ಹಾಕಿಕೊಂಡೇ ಹೋಗುತ್ತಿದ್ದರು. ಬಾಳೆ ಎಲೆ ಚಿಕ್ಕದಾಯಿತು ಎಂದು ಪಕ್ಕದವರು ಗೊಣಗಿದರೆ ಅಳೆದೇ ಉತ್ತರ ಹೇಳುತ್ತಿದ್ದರು.

ನಾವು ರಾಯದುರ್ಗಕ್ಕೆ ಬಂದದ್ದು ಮದುವೆಯಾಗಿ ಎರಡನೆಯ ವರ್ಷ. ನಮ್ಮ ಕಡೆಯವರು ದುಡಿಯಲು ಹೊರಟರೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ನಾವು ಎದುರು ದಿಕ್ಕಿನ ಬಸ್ಸು ಹತ್ತಿದೆವು, ಯಾಕೆಂದರೆ ಜೀನ್ಸ್ ಒಗೆದು ಬಣ್ಣ ಇಳಿಸುವ ವಾಷಿಂಗ್ ಯೂನಿಟ್ಟೊಂದರಲ್ಲಿ ನಮ್ಮ ಯಜಮಾನರಿಗೆ ಗುರುತಿನವರಿದ್ದರು. ಊರಲ್ಲಿ ಮನೆಗೆ ಪಾಯ ಹಾಕಿ ನಿಲ್ಲಿಸಿದ್ದೆವು. ಕಲ್ಲಿನ ಸಂದಿಯಲ್ಲಿ ಹುಲ್ಲು ಬೆಳೆದು ಅಕ್ಕಪಕ್ಕದವರ ಮೇಕೆಗಳು ಅಲ್ಲಿ ಮೇಯುತ್ತಿದ್ದವು. ಇಬ್ಬರೂ ದುಡಿದು ಗೋಡೆ ಎಬ್ಬಿಸುವುದು, ಎಬ್ಬಿಸಿ ವಾಪಸ್ಸು ಬರುವುದು ಎಂದು ನಮ್ಮ ಲೆಕ್ಕ. ಒಬ್ಬರ ದುಡಿಮೆಯಲ್ಲಿ ಮೇಕೆಗಳು ಅಲ್ಲೇ ಮೇಯುತ್ತಾ ಇರುತ್ತವೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಯೂನಿಟ್ಟಿಗೆ ಸೇರಿದ ಮೊದಲ ದಿನವೇ ನಾನು ಮೂರು ಸೂಜಿ ಮುರಿದೆ. ಊರಲ್ಲಿ ಕಾಲಲ್ಲಿ ತುಳಿಯುವ ಮಿಷನ್ನಿನಲ್ಲಿ ರವಿಕೆ ಹೊಲಿದವಳು ನಾನು. ಕರೆಂಟಿನ ಮಿಷನ್ನು ಕಾಲಿಟ್ಟ ಕೂಡಲೇ ಗುರ್ರೆಂದು ಓಡಿತು. ಮಾಸ್ಟರು ಬಂದು ನಿಂತರು. ಬೈಗುಳಕ್ಕೆ ಕಾದೆ. ಅವರು ಒಂದು ಹಿಡಿ ತುಂಡು ಬಟ್ಟೆ ನನ್ನ ಮುಂದೆ ಇಟ್ಟು, "ಇವತ್ತು ಪ್ಯಾಂಟ್ ಹೊಲಿಬ್ಯಾಡವ್ವ. ಇದರ ಜೊತಿ ಮಾತಾಡ್ಕೊಂತ ಕುಂದ್ರು" ಎಂದು ಹೋದರು. ಸಾಯಂಕಾಲದವರೆಗೆ ಆ ತುಂಡುಗಳ ಮೇಲೆ ನೆಟ್ಟಗಿನ ಹೊಲಿಗೆ ಹಾಕುತ್ತಾ ಕೂತೆ. ಮರುದಿನ ಸೂಜಿ ಮುರಿಯಲಿಲ್ಲ.

ಮಾಸ್ಟರು ಯಾರಿಗೂ ಬೈಯುತ್ತಿರಲಿಲ್ಲ. ಆದರೆ ಅವರಲ್ಲೊಂದು ಪದ್ಧತಿ ಇತ್ತು, ಅದಕ್ಕಿಂತ ಬೈಗುಳವೇ ವಾಸಿ. ಪ್ಯಾಂಟಿನ ಪ್ರತಿ ಭಾಗಕ್ಕೂ ಒಂದೊಂದು ರಟ್ಟಿನ ಅಚ್ಚು ಇರುತ್ತದೆ, ಪ್ಯಾಟ್ರನ್ ಎನ್ನುತ್ತೇವೆ. ಅದನ್ನು ಬಟ್ಟೆಯ ಮೇಲಿಟ್ಟು ಸುತ್ತ ಗೆರೆ ಎಳೆದು ಕತ್ತರಿಸಬೇಕು. ಒಂದೇ ರಟ್ಟು ಎರಡು ಕಾಲಿಗೂ ಆಗುತ್ತದೆ: ಒಂದು ಸಲ ಹೀಗಿಟ್ಟರೆ ಬಲಗಾಲು, ಮಗುಚಿ ಇಟ್ಟರೆ ಎಡಗಾಲು. ತಪ್ಪಬಾರದೆಂದು ಒಂದು ಮಗ್ಗುಲಿಗೆ ದೊಡ್ಡದಾಗಿ ಗುಣಾಕಾರದ ಗುರುತು ಬರೆದಿರುತ್ತಾರೆ. ಗುರುತು ಮೇಲೆ ಕಂಡರೆ ಬಲಗಾಲು, ಕಾಣದಿದ್ದರೆ ಎಡಗಾಲು. ಇಷ್ಟಾದರೂ ಕತ್ತರಿ ಹಿಡಿದವರು ಯಾವುದೋ ಗುಂಗಿನಲ್ಲಿ ರಟ್ಟನ್ನು ತಿರುಗಿಸುವುದು ಮರೆತು ಎರಡೂ ಎಡಗಾಲೇ ಕತ್ತರಿಸಿಬಿಡುವುದುಂಟು. ಹಾಗಾದರೆ ಮಾಸ್ಟರು ಆ ಎರಡು ಎಡಗಾಲನ್ನೂ ಸೇರಿಸಿ ಹೊಲಿಸಿ, ಯೂನಿಟ್ಟಿನ ಬಾಗಿಲ ಪಕ್ಕದ ಕಿಟಕಿಯ ಸರಳಿಗೆ ಆ ಪ್ಯಾಂಟು ನೇತುಹಾಕಿಸುತ್ತಿದ್ದರು. ಬಂದುಹೋಗುವವರೆಲ್ಲ ಯಾರದ್ದು, ಯಾರದ್ದು ಎಂದು ಕೇಳುವರು. ಕತ್ತರಿಸಿದವರು ಎಲ್ಲರಿಗೂ ಚಹಾ ಕೊಡಿಸಿದ ಮೇಲೇ ಅದು ಕೆಳಗಿಳಿಯುವುದು.

ನಾವು ಬಾಡಿಗೆಗಿದ್ದದ್ದು ರೈಲು ಹಳಿಯಾಚೆಯ ಹೊಸ ಬಡಾವಣೆಯ ಮೂರಂತಸ್ತಿನ ಕಟ್ಟಡದಲ್ಲಿ. ಕೆಳಗೆ ಮಾಸ್ಟರು ಮತ್ತು ಅವರ ಹೆಂಡತಿ, ನಡುವೆ ಮನೆಯ ಓನರಮ್ಮ, ಮೇಲೆ ನಾವು. ನಮ್ಮ ಪಾಲಿಗೆ ಎರಡು ಕೋಣೆ ಮತ್ತು ಬೀದಿಯ ಕಡೆಗೆ ಪೂರ್ವಕ್ಕೆ ಚಾಚಿದ, ಮೇಲೆ ಆಕಾಶವಷ್ಟೇ ಇದ್ದ ಒಂದು ಬಾಲ್ಕನಿ.

ಆ ಬೀದಿಯಲ್ಲಿ ಮಾಸ್ಟರಿಗಿಂತ ಒಳ್ಳೆಯ ಬಾಡಿಗೆದಾರ ಇರಲಿಲ್ಲ. ಬಳ್ಳಾರಿಯಲ್ಲಿ, ಆಮೇಲೆ ರಾಯದುರ್ಗದಲ್ಲಿ, ಹನ್ನೊಂದು ಬಾಡಿಗೆ ಮನೆ ಬದಲಾಯಿಸಿದ್ದರಂತೆ. ಒಂದರಲ್ಲೂ ಗೋಡೆಗೆ ಒಂದು ಮೊಳೆ ಹೊಡೆದವರಲ್ಲ. ಕ್ಯಾಲೆಂಡರು ಕಿಟಕಿಯ ಸರಳಿಗೆ, ಕನ್ನಡಿ ಬಾಗಿಲ ಚಿಲಕಕ್ಕೆ, ಅಂಗಿ ಹಗ್ಗಕ್ಕೆ. "ನಮ್ಮದಲ್ಲದ ಗ್ವಾಡಿಗೆ ನೋವು ಮಾಡಬಾರ್ದವ್ವ" ಎನ್ನುವರು. ಮನೆ ಬಿಡುವ ದಿನ ಖಾಲಿ ಕೋಣೆಯ ನಡುವೆ ನಿಂತು ನಾಲ್ಕೂ ಗೋಡೆ ನೋಡಿ, ಬಂದಾಗ ಹೇಗಿತ್ತೋ ಹಾಗೇ ಇದೆ ಎಂದು ಸಮಾಧಾನಪಟ್ಟುಕೊಂಡು ಬೀಗದ ಕೈ ಕೊಡುವರಂತೆ. ಅವರ ಹೆಂಡತಿ ನನ್ನ ಹತ್ತಿರ ನಗುತ್ತಾ ಹೇಳಿಕೊಂಡಿದ್ದರು: "ನಮ್ಮ ಮನಿಯಾಗ ಗ್ವಾಡಿಗಿರೋ ಮರ್ಯಾದಿ ನನಗಿಲ್ಲ ನೋಡವ್ವ."

ನನ್ನ ಮಗಳಿಗೆ ಆಗ ಎಂಟು ತಿಂಗಳು. ಅವಳನ್ನು ನೋಡಿಕೊಳ್ಳಲು ಅತ್ತೆ ಊರಿಂದ ಬಂದಿದ್ದರು. ಅತ್ತೆ ಇದ್ದುದರಿಂದಲೇ ನಾನು ಯೂನಿಟ್ಟಿಗೆ ಹೋಗಲು ಆಗುತ್ತಿತ್ತು. ಮಾಸ್ಟರಿಗೂ ಮಗುವಿಗೂ ಬೇಗ ಸ್ನೇಹವಾಯಿತು. ತಿಂಗಳಿಗೊಮ್ಮೆ ಅವಳನ್ನು ನಿಲ್ಲಿಸಿ ಟೇಪು ಹಿಡಿದು ಎತ್ತರ ನೋಡುವರು. ಬೇರೆಯವರಾದರೆ ಗೋಡೆಯ ಮೇಲೆ ಗೆರೆ ಎಳೆಯುತ್ತಿದ್ದರು. ಇವರು ಬಾಡಿಗೆ ಗೋಡೆಗೆ ಗೆರೆಯನ್ನೂ ಎಳೆಯದವರು. ತಮ್ಮ ಟೇಪಿನ ಹಿಂಭಾಗಕ್ಕೇ ಪೆನ್ನಿನಿಂದ ಒಂದು ಚುಕ್ಕೆ ಇಡುವರು.

ಎಲ್ಲ ಸರಿಯಿತ್ತು, ಅತ್ತೆಗೆ ಬೇಜಾರಾಗುವವರೆಗೆ. ಊರಲ್ಲಿದ್ದಾಗ ಸಂಜೆ ಪಕ್ಕದ ಮನೆಯಲ್ಲಿ ನಾಲ್ಕು ಹೆಂಗಸರ ಜೊತೆ ಕೂತು ಒಂದು ಕನ್ನಡ ಧಾರಾವಾಹಿ ನೋಡುತ್ತಿದ್ದರು. ನೋಡುವುದು ಎಂದರೆ ತಪ್ಪಾದೀತು, ಅದರಲ್ಲಿನ ಅತ್ತೆ, ಸೊಸೆ ಇಬ್ಬರಿಗೂ ಬುದ್ಧಿ ಹೇಳುತ್ತಿದ್ದರು. ರಾಯದುರ್ಗದ ನಮ್ಮ ಬೀದಿಗೆ ಇನ್ನೂ ಕೇಬಲ್ ಬಂದಿರಲಿಲ್ಲ. ಓನರಮ್ಮನ ಮನೆಯಲ್ಲಿ ಡಿಶ್ ಇತ್ತು, ಬರೀ ತೆಲುಗು ನೋಡುತ್ತಿದ್ದರು. ಅತ್ತೆಗೆ ತೆಲುಗು ಬರುವುದಿಲ್ಲವೆಂದಲ್ಲ, ಗಡಿಯ ನಮ್ಮ ಕಡೆ ಯಾರಿಗೆ ಬರುವುದಿಲ್ಲ? ಆದರೆ ಅರ್ಧಕ್ಕೆ ಬಿಟ್ಟುಬಂದ ಸೊಸೆಯ ಚಿಂತೆ ಅವರಿಗೆ.

"ಆ ಹುಡುಗಿ ಬಸುರಿ ಇದ್ಲು ನಾನು ಬರೋವಾಗ. ಏನಾಯ್ತೋ ಏನೋ" ಎಂದು ಊಟಕ್ಕೆ ಕೂತಾಗ ಹೇಳುವರು. ಧಾರಾವಾಹಿಯ ಹುಡುಗಿ ಎಂದು ನೆನಪು ಮಾಡಿಕೊಳ್ಳಲು ನನಗೆ ಎರಡು ತುತ್ತು ಬೇಕಾಗುತ್ತಿತ್ತು.

ಒಂದು ದಿನ ಅತ್ತೆ ನಿರ್ಧಾರ ಹೇಳಿಬಿಟ್ಟರು: "ಬರೋ ಸ್ವಾಮಾರ ಬೆಳಗ್ಗೆ ನಾನು ಊರಿಗೋಯ್ತೀನಿ ಕಣೆ. ಇಲ್ಲಿ ಬೀದಿ ನೋಡ್ಕಂಡು ಕುಂತು ಕುಂತು ಕಣ್ಣು ಸೇದೋಗೈತೆ."

ಅತ್ತೆ ಹೋದರೆ ನಾನು ಮನೆಯಲ್ಲಿ ಕೂರಬೇಕು. ನಾನು ಕೂತರೆ ಪಾಯದ ಮೇಲೆ ಗೋಡೆ ಏಳುವುದಿಲ್ಲ. ನಮ್ಮ ಯಜಮಾನರು ಮಾತು ಕಡಿಮೆ. ಅವರು ಹೊರಗೆ ಹೋಗಿ, ಸಂಜೆ ಯಾರದೋ ಹಳೇ ಟಿ.ವಿ. ಮತ್ತು ಒಂದು ಹೊಸ ಡಿಶ್ಶಿನ ಡಬ್ಬಿ ಹೊತ್ತುಕೊಂಡು ಬಂದರು.

ಡಿಶ್ ಕೂರಿಸುವವನು ಶನಿವಾರ ಬಂದ. ಎಲ್ಲ ನೋಡಿ, ತಾರಸಿಯಲ್ಲಾದರೂ ಸರಿ, ಬಾಲ್ಕನಿಯ ಗೋಡೆಗಾದರೂ ಸರಿ, ನಾಲ್ಕು ಬೋಲ್ಟು ಹೊಡೆಯಬೇಕು ಎಂದ. ಓನರಮ್ಮ ಮೆಟ್ಟಿಲು ಹತ್ತಿ ಬಂದೇಬಿಟ್ಟರು. ಹಿಂದಿನ ಬಾಡಿಗೆಯವರು ತಾರಸಿಗೆ ಬೋಲ್ಟು ಹೊಡೆದು, ಮಳೆ ನೀರು ಗೋಡೆಯೊಳಗೆ ಇಳಿದು ಓನರಮ್ಮನ ದೇವರ ಕೋಣೆಯವರೆಗೂ ಸೋರಿತ್ತಂತೆ. "ನೋಡಮ್ಮ, ತಾರಸಿಗೂ ಇಲ್ಲ, ಗ್ವಾಡಿಗೂ ಇಲ್ಲ. ವದ್ದಂಟೇ ವದ್ದು!" ಎಂದರು. ಬೇಡವೆಂದರೆ ಬೇಡ, ಅದು ತೆಲುಗಿನಲ್ಲಿ ಬಂದರೆ ಇನ್ನು ಮೇಲ್ಮನವಿ ಇಲ್ಲ ಎಂದು ಬಾಡಿಗೆದಾರರಿಗೆಲ್ಲ ಗೊತ್ತಿತ್ತು. ಡಿಶ್ ಕೂರಿಸುವವನು ಡಬ್ಬಿ ಬಿಟ್ಟು ಹೊರಟುಹೋದ. ಅತ್ತೆ ಒಳಗೆ ಹೋಗಿ ತಮ್ಮ ಬ್ಯಾಗು ಕಟ್ಟಿದರು. ಕೊನೆಗೆ ಎಲೆ ಅಡಿಕೆಯ ಸಂಚಿಯನ್ನೂ ಅದರೊಳಗಿಟ್ಟು ಜಿಪ್ಪು ಎಳೆದರು. ಆ ಸಂಚಿ ಅವರ ಸೊಂಟ ಬಿಟ್ಟು ಬ್ಯಾಗು ಸೇರಿತೆಂದರೆ ಪ್ರಯಾಣ ಗಟ್ಟಿ.

ಭಾನುವಾರ ಬೆಳಿಗ್ಗೆ ನಲ್ಲಿಯ ಹತ್ತಿರ ಮಾಸ್ಟರಿಗೆ ಎಲ್ಲ ಹೇಳಿದೆ. ಹೇಳುವಾಗ ಅಳು ಬಂತು. ಅವರು ಕೊಡ ಕೆಳಗಿಟ್ಟು, "ಗ್ವಾಡಿಗೆ ತೂತು ಹೊಡಿಯದ ಡಿಶ್ ಹಾಕಿದ್ರ ಆಕಿ ಏನಂತಾಳ?" ಎಂದು ಕೇಳಿದರು. ಹಾಗೆ ಆಗುತ್ತದೆಯೇ ಎಂದು ನಾನು ಕೇಳಿದೆ. "ನಾನು ಇಷ್ಟು ವರ್ಷ ಒಂದು ಮೊಳಿ ಹೊಡಿಯದ ಸಂಸಾರ ಮಾಡಿಲ್ಲೇನು?" ಎಂದರು.

ಅವರ ಮನೆಯಲ್ಲಿ ಒಂದು ಹಳೇ ಹೊಲಿಗೆ ಮಿಷನ್ನಿನ ಸ್ಟ್ಯಾಂಡಿತ್ತು. ಕಾಲಲ್ಲಿ ತುಳಿಯುವ ಕಾಲದ್ದು, ಎರಕದ ಕಬ್ಬಿಣದ್ದು, ಒಬ್ಬರು ಹಿಡಿದರೆ ಜಗ್ಗದ ಭಾರ. ಮಾಸ್ಟರ ಮೊದಲ ಮಿಷನ್ನಿನದು. ಮೇಲಿನ ತಲೆ ಯಾವತ್ತೋ ಸವೆದುಹೋಗಿ ಸ್ಟ್ಯಾಂಡೊಂದು ಹನ್ನೊಂದು ಮನೆ ಸುತ್ತಿ ಬಂದಿತ್ತು, ಈಗ ಅದರ ಹಲಗೆಯ ಮೇಲೆ ನೀರಿನ ಬಿಂದಿಗೆ ಇಡುತ್ತಿದ್ದರು. ಬಿಂದಿಗೆ ಇಳಿಸಿ ಸ್ಟ್ಯಾಂಡನ್ನು ಯಜಮಾನರೂ ಅವರೂ ಮೆಟ್ಟಿಲಲ್ಲಿ ಉಸ್ಸಪ್ಪಾ ಎನ್ನುತ್ತಾ ಮೇಲೆ ತಂದರು. "ಈ ಹಲಗಿ ನಂದು. ಇದಕ್ಕ ಎಷ್ಟು ಬೇಕಾದ್ರೂ ತೂತು ಹೊಡೀರಿ" ಎಂದರು ಮಾಸ್ಟರು, ಬಹಳ ದೊಡ್ಡ ಆಸ್ತಿ ಬಿಟ್ಟುಕೊಡುವವರಂತೆ. ಯಜಮಾನರು ಹಲಗೆಗೆ ಬೋಲ್ಟು ಹಾಕಿ ಡಿಶ್ಶಿನ ಕಂಬ ನಿಲ್ಲಿಸಿದರು. ಗಾಳಿಗೆ ಅಲುಗಬಾರದೆಂದು ಕೆಳಗೆ ಭಾರ ಇಡಬೇಕಿತ್ತು. ಮಾಸ್ಟರು ಯೂನಿಟ್ಟಿಗೆ ಹೋಗಿ ಕಿಟಕಿಯಲ್ಲಿ ನೇತಾಡುತ್ತಿದ್ದ ಎರಡು ಎಡಗಾಲಿನ ಪ್ಯಾಂಟನ್ನೇ ತಂದರು. ಕಾಲುಗಳ ತುದಿ ಕಟ್ಟಿ, ಮರಳು ತುಂಬಿ, ಸೊಂಟ ಕಟ್ಟಿ, ತುಳಿಯುವ ಪಟ್ಟಿಯ ಮೇಲೆ ಕೂರಿಸಿದರು. ಯಾರೋ ಅರ್ಧ ಮನುಷ್ಯ ಕೂತು ಡಿಶ್ ಹೊಲಿಯುತ್ತಿರುವ ಹಾಗಿತ್ತು. ಅತ್ತೆ ಅದನ್ನು ನೋಡಿ ಮೂರು ದಿನದಲ್ಲಿ ಮೊದಲ ಸಲ ನಕ್ಕರು.

ಇನ್ನು ದಿಕ್ಕು. ಅದಕ್ಕೂ ಮಾಸ್ಟರ ಹತ್ತಿರ ಉಪಾಯ ಇತ್ತು. ನಮ್ಮ ಯೂನಿಟ್ಟಿನ ತಾರಸಿಯ ಮೇಲೆ ಇದೇ ಕಂಪನಿಯ ಡಿಶ್ ಇತ್ತು. ಅದನ್ನು ಕೂರಿಸಿದ ದಿನ ಕೆಲಸವಿಲ್ಲದೆ ನೋಡುತ್ತಾ ನಿಂತಿದ್ದ ಮಾಸ್ಟರು, ಪೂರ್ವದ ಮೋಟುಗೋಡೆಗೂ ಡಿಶ್ಶಿನ ಮುಖಕ್ಕೂ ನಡುವೆ ರಟ್ಟು ಹಿಡಿದು ಒಂದು ಪ್ಯಾಟ್ರನ್ ಕತ್ತರಿಸಿಟ್ಟುಕೊಂಡಿದ್ದರು. ಅದು ಎಷ್ಟು ಬಾಗಿದೆ ಎಂಬುದಕ್ಕೆ ಇನ್ನೊಂದು. ಯಾಕೆ ಎಂದರೆ, "ಯಾವಾಗಾದ್ರೂ ಬೇಕಾಗ್ತೈತಿ" ಎಂದಿದ್ದರಂತೆ. ನಮ್ಮ ಬಾಲ್ಕನಿಯ ಗೋಡೆಯೂ ಪೂರ್ವಕ್ಕೇ ಇದ್ದದ್ದರಿಂದ ರಟ್ಟಿನ ನೆಟ್ಟಗಿನ ಅಂಚನ್ನು ಗೋಡೆಗೆ ತಾಗಿಸಿ, ಓರೆ ಅಂಚು ತೋರಿಸಿದ ಕಡೆ ಡಿಶ್ ತಿರುಗಿಸಿದರೆ ಆಯಿತು. ನೆಲದ ಮೇಲೆ ರಟ್ಟಿಟ್ಟು, ಸೀಮೆಸುಣ್ಣದಿಂದ ಗೆರೆ ಎಳೆದು, ಸ್ಟ್ಯಾಂಡನ್ನು ಗೆರೆಗೆ ಸರಿಯಾಗಿ ನಿಲ್ಲಿಸಿದರು. ಟೇಪು ಹಿಡಿದು ಎರಡು ಸಲ ಅಳೆದರು. ಒಂದು ನೂಲಿನಷ್ಟೂ ಹೆಚ್ಚು ಕಡಿಮೆ ಇರಲಿಲ್ಲ.

ಟಿ.ವಿ.ಯ ಮುಂದೆ ಯಜಮಾನರು, ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ಅತ್ತೆ, ಬಾಲ್ಕನಿಯಲ್ಲಿ ನಾನು, ಮಾಸ್ಟರು.

"ಬಂತೇನ್ರೀ?" ಎಂದು ಮಾಸ್ಟರು ಕೂಗುವರು.

"ಬಂತೇನೋ?" ಎಂದು ಅತ್ತೆ ಒಳಕ್ಕೆ ದಾಟಿಸುವರು.

"ಇಲ್ಲ" ಎಂದು ಒಳಗಿನಿಂದ. ನಮ್ಮ ಯಜಮಾನರು ಅಷ್ಟು ಸಲ ಬಾಯಿ ಬಿಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಒಂದು ಕೂದಲೆಳೆ ಮೇಲೆ, ಒಂದು ಕೂದಲೆಳೆ ಕೆಳಗೆ. ಇಲ್ಲ. ವೈರು ಬಿಚ್ಚಿ ಮತ್ತೆ ಸಿಕ್ಕಿಸಿದರು. ಇಲ್ಲ. ಗೋಡೆಗೆ ಏನಾದರೂ ಆಯಿತೇ ಎಂದು ನೋಡಲು ಬಂದ ಓನರಮ್ಮ, ಗೋಡೆ ನುಣ್ಣಗೆ ಇರುವುದನ್ನು ಕೈಯಾಡಿಸಿ ನೋಡಿ ಖುಷಿಯಾದರು. ಡಿಶ್ಶಿನ ಮುಖ ನೋಡಿ ಇನ್ನೂ ಖುಷಿಯಾದರು. "ಈಶಾನ್ಯಕ್ಕ ಮುಖ ಮಾಡೈತಿ, ದೇವರ ಮೂಲಿ. ಮನಿಗೆ ಒಳ್ಳೇದಾಗ್ತೈತಿ ಬಿಡ್ರಿ" ಎಂದು ಕೆಳಗಿಳಿದು ಹೋದರು. ದೇವರ ಮೂಲೆಯಿಂದ ಒಂದು ಗೆರೆ ಚಿತ್ರವೂ ಬರಲಿಲ್ಲ. ಹೊತ್ತು ನೆತ್ತಿಗೆ ಬಂತು. ಮಾಸ್ಟರ ಅಂಗಿ ಬೆವರಿಗೆ ಅಂಟಿ ಎದೆಯ ಬಿಳಿ ಮಚ್ಚೆ ಕರಗಿತು. ನಾನು ಅತ್ತೆಯ ಬ್ಯಾಗಿನ ಕಡೆ ನೋಡುವುದನ್ನೇ ಬಿಟ್ಟೆ.

ಆಗ ಅತ್ತೆ, ಆ ಬಾಲ್ಕನಿಯಲ್ಲಿ ಕೂತು ಕೂತು ಬೀದಿಯ ಒಂದೊಂದು ಮನೆಯನ್ನೂ ಬಾಯಿಪಾಠ ಮಾಡಿಕೊಂಡಿದ್ದ ನಮ್ಮತ್ತೆ, ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಹೇಳಿದರು: "ಅಲ್ಲ ಕಣಪ್ಪ ಮಾಸ್ಟ್ರೇ, ಊರಾಗಿರೋ ಡಿಶ್ಶೆಲ್ಲ ಆ ಕಡೆ ನೋಡ್ತಾವೆ. ನಮ್ದೊಂದು ಯಾಕೆ ಮುನಿಸ್ಕಂಡು ಈ ಕಡೆ ನೋಡ್ತೈತೆ?"

"ಕಂಪನಿಗೊಂದು ದಿಕ್ಕು ಇರ್ತೈತ್ರಿ ಅಮ್ಮಾರ. ನಾನು ಪ್ಯಾಟ್ರನ್ ಇಟ್ಟು ಮಾಡೀನಿ" ಎಂದರು ಮಾಸ್ಟರು, ಸ್ವಲ್ಪ ಗಡುಸಾಗಿಯೇ. ಪ್ಯಾಟ್ರನ್ ಎಂದ ಮೇಲೆ ಅವರ ಜೊತೆ ವಾದಿಸುವವರು ಯೂನಿಟ್ಟಿನಲ್ಲಿ ಯಾರೂ ಇರಲಿಲ್ಲ.

ನಾನೂ ವಾದಿಸಲಿಲ್ಲ. ಆದರೆ ಪ್ಯಾಟ್ರನ್ ಎಂಬ ಮಾತಿಗೆ ನನ್ನ ಕಣ್ಣು ನೆಲಕ್ಕೆ ಹೋಯಿತು. ದಿನವೂ ರಟ್ಟು ನೋಡುವ ಕಣ್ಣು. ಸ್ಟ್ಯಾಂಡಿನ ಕಾಲ ಕೆಳಗೆ ರಟ್ಟು ಬೋಳಾಗಿ ಮಲಗಿತ್ತು. ಗುರುತಿಲ್ಲ. ಬಗ್ಗಿ ಒಂದು ಮೂಲೆ ಎತ್ತಿದೆ. ಅಡಿ ಮಗ್ಗುಲಲ್ಲಿ ದೊಡ್ಡದಾಗಿ, ಮಾಸ್ಟರ ಕೈಯ ಗುಣಾಕಾರದ ಗುರುತು ನೆಲ ನೋಡುತ್ತಿತ್ತು.

ಹೇಳಲೋ ಬೇಡವೋ ಎಂದು ಒಂದು ಗಳಿಗೆ ನಿಂತೆ. ಸೂಜಿ ಮುರಿದಾಗ ಬೈಯದ ಮನುಷ್ಯ.

"ಮಾಸ್ಟ್ರೇ," ಎಂದೆ ಮೆಲ್ಲಗೆ, "ಎಡಗಾಲು."

ಅವರಿಗೆ ಮೊದಲು ತಿಳಿಯಲಿಲ್ಲ. ನಾನು ಎತ್ತಿಹಿಡಿದ ಮೂಲೆ ನೋಡಿದರು. ನಮ್ಮನ್ನು ನೋಡಿದರು. ಮರಳು ತುಂಬಿಕೊಂಡು ಕೂತಿದ್ದ ಎರಡು ಎಡಗಾಲನ್ನು ನೋಡಿದರು. ಆಮೇಲೆ ನಕ್ಕರು ನೋಡಿ, ನಾನು ಅವರನ್ನು ಬಲ್ಲ ಅಷ್ಟೂ ವರ್ಷದಲ್ಲಿ ಹಾಗೆ ನಕ್ಕದ್ದು ಕಂಡಿಲ್ಲ. ಬಾಲ್ಕನಿಯ ನೆಲದ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ನಲವತ್ತು ಮಂದಿ ಕಡಿಂದ ಚಾ ಕುಡಿದೀನವ್ವ! ನಲವತ್ತು ಮಂದಿ ಕಡಿಂದ!" ಎಂದು ಮತ್ತೆ ಮತ್ತೆ ಹೇಳಿ ನಕ್ಕರು. ಕೆಳಗಿನಿಂದ ಅವರ ಹೆಂಡತಿ ಏನಾಯಿತೆಂದು ಓಡಿಬಂದರು. ವಿಷಯ ಕೇಳಿ, "ಕಡೀಗೂ ಒಂದು ಸಲ ತಪ್ಪಿದ್ರಲ್ಲ, ದೇವರು ಅದಾನ" ಎಂದು ಕೈ ಮುಗಿದರು.

ರಟ್ಟು ಮಗುಚಿ ಇಟ್ಟೆವು. ಗೆರೆ ಅಳಿಸಿ ಹೊಸ ಗೆರೆ ಎಳೆದೆವು. ಎಲ್ಲರೂ ಸೇರಿ ಸ್ಟ್ಯಾಂಡನ್ನು ಆಗ್ನೇಯಕ್ಕೆ ತಿರುಗಿಸಿದೆವು, ಊರಿನ ಡಿಶ್ಶುಗಳೆಲ್ಲ ನೋಡುತ್ತಿದ್ದ ಕಡೆಗೆ. ಈ ಸಲ ಮಾಸ್ಟರು ಕೂಗುವ ಮೊದಲೇ ಒಳಗಿನಿಂದ ಯಜಮಾನರು, "ಬಂತು! ಬಂತು! ಬಂತು!" ಎಂದರು.

ಟಿ.ವಿ.ಯಲ್ಲಿ ಯಾವುದೋ ಸೋಪಿನ ಜಾಹೀರಾತು. ನಾವು ಐದೂ ಜನ ಅದನ್ನು ಕಣ್ಣು ಮಿಟುಕಿಸದೆ ನೋಡಿದೆವು. ಜಾಹೀರಾತು ಮುಗಿದು, ಸೋಮವಾರ ಸಂಜೆ ಏನಾಗುತ್ತದೆ ಎಂದು ತೋರಿಸುವ ತುಣುಕು ಬಂತು. ಅತ್ತೆಯ ಸೊಸೆ, ಅಂದರೆ ಧಾರಾವಾಹಿಯ ಸೊಸೆ, ತೊಟ್ಟಿಲ ಪಕ್ಕ ನಿಂತಿದ್ದಳು.

"ಹೆರಿಗೆ ಆಗೈತೆ!" ಎಂದು ಅತ್ತೆ ಕೂಗಿದರು. ಸೀದಾ ಒಳಗೆ ಹೋಗಿ ಬ್ಯಾಗಿನ ಜಿಪ್ಪು ಎಳೆದು ಎಲೆ ಅಡಿಕೆಯ ಸಂಚಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. "ಮಗ ಗಂಡೋ ಹೆಣ್ಣೋ ನೋಡ್ಕಂಡು ಆಮ್ಯಾಲೆ ಹೋಯ್ತೀನಿ" ಎಂದರು. ನನಗೆ ಅಳುವೂ ಬಂತು, ನಗುವೂ ಬಂತು. ಅಡುಗೆಮನೆಗೆ ಹೋಗಿ ಎರಡನ್ನೂ ಮುಗಿಸಿಕೊಂಡು ಎಲ್ಲರಿಗೂ ಕಾಫಿ ಮಾಡಿದೆ.

ಮರುದಿನ ಯೂನಿಟ್ಟಿಗೆ ಹೋದರೆ, ಕಿಟಕಿಯ ಸರಳಿಗೆ ಆ ರಟ್ಟು ನೇತಾಡುತ್ತಿತ್ತು. ಕಟ್ಟಿದವರು ಮಾಸ್ಟರೇ. 'ನಂದು' ಎಂದು ಅದರ ಮೇಲೆ ದೊಡ್ಡದಾಗಿ ಬರೆದಿದ್ದರು. ಚಹಾ ಅಷ್ಟೇ ಅಲ್ಲ, ಉಗ್ಗಾಣಿ, ಬಜ್ಜಿಯೂ ಬಂತು. ಅವತ್ತಿನಿಂದ ಯೂನಿಟ್ಟಿನಲ್ಲಿ ಎರಡು ಎಡಗಾಲು ಬಿದ್ದರೆ ಯಾರದ್ದೆಂದು ಕೇಳುವ ಮೊದಲೇ ಎಲ್ಲರೂ ನಗುತ್ತಿದ್ದರು. ನಮ್ಮ ಬಡಾವಣೆಯಲ್ಲಿ ಮಾಸ್ಟರ ಬೇಡಿಕೆಯೂ ಹೆಚ್ಚಿತು. ಓನರುಗಳು ಮೊಳೆ ಬೇಡವೆಂದ ಮನೆಗಳಿಗೆಲ್ಲ ಹೋಗಿ, ಗುಜರಿ ಅಂಗಡಿಯ ಹಳೇ ಸ್ಟ್ಯಾಂಡುಗಳ ಮೇಲೆ ಡಿಶ್ ಕೂರಿಸಿಕೊಟ್ಟರು. ರಟ್ಟು ಇಡುವ ಮುನ್ನ ಪ್ರತಿ ಸಲವೂ ಅದನ್ನು ಜೊತೆಗೆ ಹೋದ ನನಗೆ ತೋರಿಸಿ, "ನೋಡವ್ವ, ಬಲಗಾಲು ಹೌದಲ್ಲ?" ಎನ್ನುವರು.

ಧಾರಾವಾಹಿಯ ಮಗು ಗಂಡಾಯಿತು. ಆಮೇಲೆ ಆ ಮಗು ಕಳೆದುಹೋಯಿತು, ಸಿಕ್ಕಿತು, ಸೊಸೆಗೆ ನೆನಪು ಹೋಯಿತು, ಬಂತು. ಇದು ಮುಗಿಯಲಿ ಹೋಯ್ತೀನಿ ಎನ್ನುತ್ತಲೇ ಅತ್ತೆ ಆರು ವರ್ಷ ರಾಯದುರ್ಗದಲ್ಲಿದ್ದರು. ಅಷ್ಟರಲ್ಲಿ ಪಾಯದ ಮೇಲೆ ಗೋಡೆ ಎದ್ದು, ಗೋಡೆಯ ಮೇಲೆ ತಾರಸಿ ಬಿದ್ದು, ಮೇಕೆಗಳು ಬೇರೆ ಜಾಗ ಹುಡುಕಿಕೊಂಡವು. ಧಾರಾವಾಹಿ ಬರೆಯುವವರು ಯಾರೋ ಏನೋ, ನಮ್ಮ ಮನೆ ಕಟ್ಟಿದ್ದರಲ್ಲಿ ಅವರ ಪಾಲೂ ಇದೆ.

ಬಾಡಿಗೆ ಮನೆ ಬಿಡುವ ದಿನ ಮಾಸ್ಟರು ಮೇಲೆ ಬಂದು ನಮ್ಮ ಖಾಲಿ ಕೋಣೆಯ ನಡುವೆ ನಿಂತು ನಾಲ್ಕೂ ಗೋಡೆ ನೋಡಿದರು. "ಬಂದಾಗ ಹೆಂಗಿತ್ತೋ ಹಂಗ ಐತಿ" ಎಂದರು. ನನಗೆ ಪರೀಕ್ಷೆ ಪಾಸಾದಷ್ಟು ಸಂತೋಷವಾಯಿತು. ಊರಿನ ಹೊಸ ಮನೆಯ ಗೃಹಪ್ರವೇಶಕ್ಕೆ ಗಂಡಹೆಂಡತಿ ಇಬ್ಬರೂ ಬಂದರು. ಊಟವಾದ ಮೇಲೆ ಡಿಶ್ ಹಾಕಲು ಗೋಡೆಗೆ ತಾವೇ ಗುರುತು ಮಾಡಿದರು. ನಾನು ಡ್ರಿಲ್ಲಿಂಗ್ ಮಿಷನ್ನು ಅವರ ಕೈಗೆ ಕೊಡಲು ಹೋದರೆ ಎರಡು ಹೆಜ್ಜೆ ಹಿಂದೆ ಸರಿದರು. "ನಿನ್ನ ಗ್ವಾಡಿ. ನೀನ ಹೊಡಿಯವ್ವ" ಎಂದರು. ಹೊಡೆದೆ. ಇಟ್ಟಿಗೆಯ ಪುಡಿ ಮುಖಕ್ಕೆ ಹಾರಿತು. ನನ್ನ ಜೀವನದಲ್ಲಿ ಮಾಡಿದ ಮೊದಲ ತೂತು ಅದು, ಈಗಲೂ ಅತಿಥಿಗಳಿಗೆ ತೋರಿಸುತ್ತೇನೆ.

ಮುಂದಿನ ಕೋಣೆಯಲ್ಲಿ ನಾಲ್ಕು ಮಿಷನ್ನು ಹಾಕಿಕೊಂಡು ನಾನೀಗ ರಾಯದುರ್ಗದಿಂದ ಬರುವ ಬಟ್ಟೆಯನ್ನು ಇಲ್ಲೇ ಹೊಲಿಸುತ್ತೇನೆ. ಮಾಸ್ಟರು ಮಾತ್ರ ಅದೇ ಕೆಳಗಿನ ಮನೆಯಲ್ಲಿ ಬಾಡಿಗೆಗೇ ಇದ್ದಾರೆ. ಸ್ವಂತ ಮನೆ ಬೇಡವೇ ಎಂದು ಒಮ್ಮೆ ಕೇಳಿದ್ದಕ್ಕೆ, "ಹನ್ನೊಂದು ಮನಿಯವರು ಇವತ್ತಿಗೂ ಕರದು ಊಟ ಹಾಕ್ತಾರ. ಒಂದು ಮನಿ ಇದ್ದೋರಿಗೆ ಈ ಭಾಗ್ಯ ಎಲ್ಲೈತಿ?" ಎಂದಿದ್ದರು. ಸುಮ್ಮನೆ ಹೇಳುವ ಮನುಷ್ಯನಲ್ಲ.

ಕತ್ತರಿ ಕೆಳಗಿಟ್ಟ ಮುಂದಿನ ಭಾನುವಾರ ಅವರು ಒಬ್ಬರೇ ನಮ್ಮೂರಿಗೆ ಬಂದರು. ಕಾಫಿ ಕುಡಿದು, ಮಿಷನ್ನುಗಳನ್ನು ನೋಡಿ, ನನ್ನ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿ ತಲೆದೂಗಿದರು. ಆಮೇಲೆ ಜೇಬಿಗೆ ಕೈ ಹಾಕಿ, ಸೀಮೆಸುಣ್ಣದ ಜೊತೆ ಒಂದು ಮೊಳೆ ಹೊರತೆಗೆದರು. ಹೊಸ ಮೊಳೆ, ಕಾಗದದಲ್ಲಿ ಸುತ್ತಿದ್ದರು.

"ನಿನ್ನ ಗ್ವಾಡಿಗೆ ಒಂದು ಮೊಳಿ ಹೊಡೀಲೇನವ್ವ?" ಎಂದು ಕೇಳಿದರು.

ನಾನು ಸುತ್ತಿಗೆ ತರಲು ಎದ್ದೆ. ಅತ್ತೆಯೇ ಟಿ.ವಿ.ಯ ಮುಂದಿನಿಂದ ಕೂಗಿದರು: "ಒಂದ್ಯಾಕೆ, ಹತ್ತು ಹೊಡ್ಕಳಪ್ಪ. ನಿಂದೇ ಮನೆ."

ಮಿಷನ್ನುಗಳ ಎದುರಿನ ಗೋಡೆಯಲ್ಲಿ ಜಾಗ ಅಳೆದರು. ಸೀಮೆಸುಣ್ಣದಿಂದ ಗುಣಾಕಾರದ ಗುರುತು ಹಾಕಿದರು. ಸುತ್ತಿಗೆ ಹಿಡಿಯುವುದು ಹೇಗೆಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಕತ್ತರಿ ಹಿಡಿದ ಹಾಗೆ ಹಿಡಿದರು. ಮೊದಲ ಏಟು ಗೋಡೆಗೆ, ಎರಡನೆಯದು ಹೆಬ್ಬೆರಳಿಗೆ. ಐದಾರು ಏಟಿಗೆ ಮೊಳೆ ಒಳಗೆ ಹೋಯಿತು, ಹೋಗುವಾಗ ಬಗ್ಗಿತು. ಮಾಸ್ಟರು ಹಿಂದೆ ಸರಿದು ನೋಡಿ, ಕುತ್ತಿಗೆಯ ಟೇಪು ತೆಗೆದು ಅದಕ್ಕೆ ತೂಗುಹಾಕಿದರು. ಟೇಪಿನ ಹಿಂಭಾಗದಲ್ಲಿ ಪೆನ್ನಿನ ಚುಕ್ಕೆಗಳು ಕೆಳಗಿನಿಂದ ಮೇಲಕ್ಕೆ ಸಾಲಾಗಿ ಹತ್ತುತ್ತಿದ್ದವು. ಈಗ ಹೈಸ್ಕೂಲಿನಲ್ಲಿರುವ ನನ್ನ ಮಗಳು ಅದರ ಪಕ್ಕ ಹೋಗಿ ನಿಂತಳು.

ಮಾಸ್ಟರು ಹೋದ ಮೇಲೆ ನಾನು ಅಳೆದು ನೋಡಿದೆ. ಗುರುತು ಹಾಕಿದ್ದ ಜಾಗಕ್ಕಿಂತ ಮೊಳೆ ಅರ್ಧ ಇಂಚು ಎಡಕ್ಕೆ ಬಿದ್ದಿದೆ. ನೆಟ್ಟಗೆ ಮಾಡಿಕೊಡುತ್ತೇನೆಂದು ಯಜಮಾನರು ಸುತ್ತಿಗೆ ತಂದರು. ಅದನ್ನು ಮುಟ್ಟಬೇಡಿ ಎಂದೆ.